ಮಳೆಗಾಲ ಪೂರ್ತಿ ಮನೆಯೊಳಗೆ ಕೂತು ನೀವೆಲ್ಲ ಏನು ಮಾಡುತ್ತೀರಾ? ಮೂಡಿಗೆರೆಗೆ ಹೊಸಬನ ಪ್ರಶ್ನೆ

ಬಯಲುಸೀಮೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯವನು. ಏಪ್ರಿಲ್‌ನಲ್ಲಿ ಮೂಡಿಗೆರೆಗೆ ವರ್ಗ ಆಯಿತು. ಊರಲ್ಲಿ ಎಲ್ಲರೂ "ಪುಣ್ಯ ಮಾಡಿದ್ದೀಯ ಕಣೋ, ಮಲೆನಾಡು" ಅಂದರು. ಮೇ ಕೊನೆವರೆಗೂ ನನಗೂ ಹಾಗೇ ಅನ್ನಿಸಿತ್ತು. ಈಗ ಜುಲೈ. ಹೊರಗೆ ಕಾಲಿಟ್ಟರೆ ಮಳೆ, ಒಳಗೆ ಕೂತರೆ ಕರೆಂಟ್ ಇಲ್ಲ, ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ. ಊರಲ್ಲಿ ಸಂಜೆ ಆದರೆ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಕತ್ತಲಾದ ಮೇಲೆ ಮನೆಗೆ ಹೋಗುತ್ತಿದ್ದವನು ನಾನು. ಇಲ್ಲಿ ಸಂಜೆ ಕಿಟಕಿ ಹತ್ತಿರ ನಿಂತು ಪಕ್ಕದ ಮನೆ ನಾಯಿ ಮುಖ ನೋಡುತ್ತೇನೆ, ಅದು ನನ್ನ ಮುಖ ನೋಡುತ್ತದೆ.

ಅದಕ್ಕೆ ಕೇಳುತ್ತಿದ್ದೇನೆ. ಮಲೆನಾಡಿನವರು ಈ ಮೂರು ನಾಲ್ಕು ತಿಂಗಳು ಹೊತ್ತು ಹೇಗೆ ಕಳೆಯುತ್ತೀರಾ? ಜಾಸ್ತಿ ದುಡ್ಡು ಬೇಡದ್ದು, ಕರೆಂಟ್ ನಂಬಿಕೊಳ್ಳದ್ದು ಏನಾದರೂ ಹವ್ಯಾಸ ಹೇಳಿ. ಮೊಬೈಲ್ ಗೇಮ್ ಬೇಡ. ಕುಡಿಯೋದು ಅಂತೂ ಹೇಳಲೇಬೇಡಿ, ಆಫೀಸಿನವರು ಆಗಲೇ ಹೇಳಿ ಆಗಿದೆ.

ಇನ್ನೊಂದು ಸಣ್ಣ ಕುತೂಹಲ. ನಮ್ಮ ಮನೆ ಓನರ್ ದಿನಾ ಬೆಳಿಗ್ಗೆ ನಾಲ್ಕೈದು ಜನಕ್ಕೆ ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು?" ಅಂತಾರೆ. ಆ ಕಡೆಯಿಂದ ಏನೋ ಹೇಳುತ್ತಾರೆ. ಇವರು "ನಮ್ಮಲ್ಲಿ ಮೂರು ನಲವತ್ತು" ಅಂತಾರೆ. ಇಷ್ಟೇ ಮಾತು, ಫೋನ್ ಇಡುತ್ತಾರೆ. ಇದೇನು, ಮಟ್ಕಾನಾ?

ಕೊಪ್ಪದ ಅಕ್ಕ:
ಮಟ್ಕಾ ಅಲ್ಲ ಮಾರಾಯ್ರೆ, ಮಳೆ ಲೆಕ್ಕ! ತಿಳಿದವರು ಯಾರಾದರೂ ಬಿಡಿಸಿ ಹೇಳುತ್ತಾರೆ ಇರಿ. ನನ್ನ ಉತ್ತರ ಅಡುಗೆಮನೆಯಿಂದ. ಮಳೆಗಾಲದಲ್ಲಿ ಹೊತ್ತು ಹೋಗಲ್ಲ ಅನ್ನೋ ಮಾತೇ ನಮ್ಮಲ್ಲಿ ಇಲ್ಲ. ಕೆಸುವಿನ ಎಲೆ ಸಿಕ್ಕ ದಿನ ಪತ್ರೊಡೆ. ಕಳಲೆ, ಅಂದರೆ ಎಳೆ ಬಿದಿರು, ಸಿಕ್ಕರೆ ಇನ್ನೂ ಒಳ್ಳೇದು, ಅದು ಮೂರು ದಿನದ ಕೆಲಸ. ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಿಸುತ್ತಾ ಇರಬೇಕು. ಸುಮ್ನೆ ಅಜ್ಜಿ ಶಾಸ್ತ್ರ ಅಂದುಕೊಳ್ಳಬೇಡಿ, ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಇನ್ನು ಕ್ರೀಡೆ ಅಂದರೆ ಬಟ್ಟೆ ಒಣಗಿಸುವುದು. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ, ಯಾವ ಅಂಗಿ ಯಾವಾಗ ಮಗುಚಬೇಕು ಅಂತ ನೋಡುತ್ತಾ ಕೂತರೆ ನಿಮ್ಮ ಸಂಜೆ ಮುಗಿಯಿತು. ಮಾರನೇ ದಿನ ಆಫೀಸಿನಲ್ಲಿ ಹೊಗೆ ವಾಸನೆ ಬಂದರೆ ಯಾರೂ ಏನೂ ಅನ್ನಲ್ಲ, ಎಲ್ಲರದೂ ಅದೇ ವಾಸನೆ.

ಶಟಲ್ ಹಾಸನ:
ಕ್ರಿಕೆಟ್ ಬಿಟ್ಟು ಶಟಲ್ ಹಿಡಿ ಗುರು. ಯಾವುದಾದರೂ ಒಳಾಂಗಣ ಕೋರ್ಟ್ ಹುಡುಕು, ಇಲ್ಲಾಂದರೆ ಸೂರು ಎತ್ತರ ಇರೋ ಹಾಲ್ ಆದರೂ ಸಾಕು. ನಾಲ್ಕು ಜನ ಸೇರಿದರೆ ಬಾಡಿಗೆ ಹಂಚಿಕೊಳ್ಳಬಹುದು. ನಾನು ಹಾಸನದಲ್ಲಿ ಬೆಳಿಗ್ಗೆ ಬ್ಯಾಚ್‌ಗೆ ಹೋಗುತ್ತೇನೆ, ಮಳೆಗಾಲದಲ್ಲಿ ಜನ ಇನ್ನೂ ಜಾಸ್ತಿ. ಹೊಟ್ಟೆ ಕರಗುತ್ತೆ, ನಿದ್ದೆ ಬರುತ್ತೆ, ನಾಯಿ ಮುಖ ನೋಡೋದು ತಪ್ಪುತ್ತೆ.

ಕಳಸ ಕಡೆಯವ:
ಮೈದಾನ ಕೆಸರು ಅಂತ ಅಳಬೇಡಿ. ನಮ್ಮ ಕಡೆ ಕೆಸರಲ್ಲೇ ಆಟ. ನಾಟಿಗೆ ಮೊದಲು ಗದ್ದೆಯಲ್ಲಿ ಕೆಸರುಗದ್ದೆ ಓಟ, ಹಗ್ಗಜಗ್ಗಾಟ, ವಾಲಿಬಾಲ್ ಎಲ್ಲ ಇಡುತ್ತಾರೆ. ನಿಮ್ಮ ಹತ್ತಿರದ ಊರಲ್ಲಿ ಬ್ಯಾನರ್ ಕಂಡರೆ ಹೆಸರು ಕೊಡಿ. ಬಯಲುಸೀಮೆಯವರು ಬಿದ್ದರೆ ನಮಗೂ ಒಂದು ಖುಷಿ.

ಬಯಲುಸೀಮೆ ಹುಡುಗ:
ಶಟಲ್ ಅಣ್ಣ, ಒಂದು ಡೌಟು. ಆಫೀಸಿನ ಒಬ್ಬರ ಹತ್ತಿರ ರ‍್ಯಾಕೆಟ್ ಇದೆ. ಕಾಕ್ ತರೋಕೆ ಅಂಗಡಿಗೆ ಹೋದರೆ "76 ಕೊಡಲಾ, 77 ಕೊಡಲಾ" ಅಂದರು. ಡಬ್ಬಿ ಮೇಲೆ ನಂಬರ್ ಇದೆ, ರೇಟ್ ಎರಡಕ್ಕೂ ಒಂದೇ. ಏನದು? ಮತ್ತೆ ಗರಿಯದ್ದು ಬೇಕಾ, ಪ್ಲಾಸ್ಟಿಕ್ ಸಾಕಾ?

ಶಟಲ್ ಹಾಸನ:
ಒಳ್ಳೆ ಪ್ರಶ್ನೆ. ಹತ್ತು ವರ್ಷ ಆಡಿದವರೂ ಇದನ್ನು ಕೇಳಲ್ಲ, ಅಂಗಡಿಯವ ಕೊಟ್ಟದ್ದು ತರುತ್ತಾರೆ.

ಆ ನಂಬರ್ ವೇಗದ್ದು. 75ರಿಂದ 79ರವರೆಗೆ ಇರುತ್ತದೆ. 75 ನಿಧಾನ, 79 ಬಲು ಜೋರು. ಕೆಲವು ಕಂಪನಿಯವರು ಇದನ್ನೇ 1ರಿಂದ 5 ಅಂತ ಬರೆಯುತ್ತಾರೆ. ಯಾಕೆ ಬೇರೆ ಬೇರೆ ಅಂದರೆ, ಕಾಕ್ ಹಾರುವುದು ಗಾಳಿಯನ್ನು ತಳ್ಳಿಕೊಂಡು. ಚಳಿ ಇರುವ ಕಡೆ ಗಾಳಿ ದಟ್ಟ, ಕಾಕ್ ಬೇಗ ನಿಲ್ಲುತ್ತದೆ, ಅಲ್ಲಿಗೆ ಜೋರಿನ ನಂಬರ್ ಬೇಕು. ಸೆಕೆ ಇರುವ ಊರಲ್ಲಿ ಗಾಳಿ ತೆಳು, ಹೊಡೆದರೆ ಗೆರೆ ದಾಟಿ ಹೋಗುತ್ತದೆ, ಅಲ್ಲಿಗೆ ನಿಧಾನದ ನಂಬರ್. ನಮ್ಮ ಎರಡೂ ಜಿಲ್ಲೆಯಲ್ಲಿ ಒಂದು ತಮಾಷೆ ಇದೆ. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರ, ಚಿಕ್ಕಮಗಳೂರು ಇನ್ನೂ ಸ್ವಲ್ಪ ಮೇಲೆ. ಎತ್ತರದಿಂದಾಗಿ ಗಾಳಿ ತೆಳು, ಆದರೆ ಮಳೆಗಾಲದ ಬೆಳಿಗ್ಗೆ ಚಳಿಯಿಂದಾಗಿ ದಟ್ಟ. ಒಂದು ಆ ಕಡೆ ಎಳೆಯುತ್ತದೆ, ಇನ್ನೊಂದು ಈ ಕಡೆ. ಹಾಗಾಗಿ ಮಂಗಳೂರಿನ ಗೆಳೆಯ ಹೇಳಿದ ನಂಬರ್ ತಂದರೆ ನಿಮಗೆ ಸರಿಹೋಗುತ್ತದೆ ಅನ್ನೋ ಖಾತರಿ ಇಲ್ಲ.

ಪರೀಕ್ಷೆ ಮಾಡೋದಕ್ಕೆ ಆಟದ ನಿಯಮದಲ್ಲೇ ದಾರಿ ಇದೆ. ಹಿಂದಿನ ಗೆರೆ ಮೇಲೆ ನಿಂತು, ಕೆಳಗಿನಿಂದ ಮೇಲಕ್ಕೆ ಪೂರ್ತಿ ಬಲದಲ್ಲಿ ನೇರ ಹೊಡೆಯಿರಿ. ಎದುರು ಕಡೆ ಹಿಂದಿನ ಗೆರೆಗಿಂತ 53 ಸೆಂ.ಮೀ.ನಿಂದ 99 ಸೆಂ.ಮೀ. ಒಳಗೆ ಬಿದ್ದರೆ ಆ ನಂಬರ್ ನಿಮ್ಮ ಹಾಲ್‌ಗೆ ಸರಿ. ಗೆರೆ ದಾಟಿದರೆ ಒಂದು ನಂಬರ್ ಇಳಿಸಿ, ತೀರಾ ಮುಂದೆ ಬಿದ್ದರೆ ಏರಿಸಿ. ನನ್ನ ಕೇಳಿದರೆ ಈಗಿನ ಹವೆಗೆ 77 ತನ್ನಿ, ಬೇಸಿಗೆಗೆ 76.

ಹೊಸಬರು ಮೊದಲು ನೈಲಾನ್‌ನಲ್ಲಿ ಆಡಿ, ದುಡ್ಡು ಉಳಿಯುತ್ತೆ. ಗರಿಯದ್ದರಲ್ಲಿ 16 ಗರಿ, ತೂಕ 4.74ರಿಂದ 5.50 ಗ್ರಾಂ, ಅಷ್ಟೇ. ಎಲ್ಲ ಗರಿಯೂ ಒಂದೇ ಕಡೆಯ ರೆಕ್ಕೆಯದಾಗಿರಬೇಕು, ಎಡದ್ದು ಬಲದ್ದು ಬೆರೆಸಿದರೆ ಕಾಕ್ ನೆಟ್ಟಗೆ ತಿರುಗಲ್ಲ. ಬೇಸಿಗೆಯಲ್ಲಿ ಗರಿ ಒಣಗಿ ಪಟಪಟ ಮುರಿಯುತ್ತದೆ, ಅದಕ್ಕೆ ಹಳಬರು ಡಬ್ಬಿಯ ಬಾಯಿಗೆ ಸ್ವಲ್ಪ ಬಿಸಿನೀರಿನ ಹಬೆ ಹಿಡಿಸಿ ಇಡುತ್ತಾರೆ. ನಿಮಗೆ ಆ ಚಿಂತೆ ಇಲ್ಲ. ಮೂಡಿಗೆರೆ ಗಾಳಿಯೇ ಹಬೆ.

ತೋಟದಮನೆ:
ಈಗ "ಮೂರು ನಲವತ್ತು" ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಯಾರೂ ಹೇಳಿಲ್ಲವಲ್ಲ ಅಂತ ಕಾಯುತ್ತಿದ್ದೆ.

ಅದು 3 ಇಂಚು 40 ಸೆಂಟ್. ಒಂದು ಇಂಚನ್ನು ನೂರು ಭಾಗ ಮಾಡಿದರೆ ಒಂದೊಂದು ಭಾಗ ಒಂದು ಸೆಂಟ್. ಟಿವಿಯವರು ಮಿಲಿಮೀಟರ್ ಅಂತಾರೆ, ಪೇಪರಿನಲ್ಲಿ ಸೆಂಟಿಮೀಟರ್ ಬರುತ್ತದೆ, ಕಾಫಿ ತೋಟದವರು ಮಾತ್ರ ಇಂಚು ಸೆಂಟ್ ಬಿಟ್ಟಿಲ್ಲ. 1 ಇಂಚು 25.4 ಮಿ.ಮೀ. ಅಂದರೆ ನಿಮ್ಮ ಓನರ್ ಹೇಳಿದ್ದು ಸುಮಾರು 86 ಮಿ.ಮೀ. ಹವಾಮಾನ ಇಲಾಖೆ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ಆದರೆ ಅದು ಭಾರಿ ಮಳೆ, 115.6 ಆದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ನಿಮ್ಮ ಓನರ್ ಎರಡು ಮಾತಲ್ಲಿ ಹೇಳಿ ಫೋನ್ ಇಟ್ಟ ಮಳೆ ಅರಸೀಕೆರೆಯಲ್ಲಿ ಬಿದ್ದಿದ್ದರೆ ಊರೆಲ್ಲ ಕೆರೆ ಕೋಡಿ ನೋಡೋಕೆ ಹೋಗುತ್ತಿತ್ತು, ಅಲ್ವಾ?

ತೋಟದಲ್ಲಿ ಈ ಲೆಕ್ಕ ಶೋಕಿಗೆ ಶುರುವಾದದ್ದಲ್ಲ. ಬೇಸಿಗೆಯಲ್ಲಿ ಕಾಫಿ ಗಿಡ ಮೊಗ್ಗು ಹಿಡಿದುಕೊಂಡು ಕಾಯುತ್ತಿರುತ್ತದೆ. ಫೆಬ್ರವರಿ ಮಾರ್ಚ್ ಏಪ್ರಿಲ್ ಒಳಗೆ ಒಂದು ಇಂಚಿನಷ್ಟು ಒಳ್ಳೆ ಮಳೆ ಆದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಅದು ಹೂಮಳೆ. ಅರ್ಧಂಬರ್ಧ ಬಿದ್ದರೆ ಹೂವೂ ಅರ್ಧಂಬರ್ಧ. ಅದಾದ ಎರಡು ಮೂರು ವಾರಕ್ಕೆ ಮತ್ತೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಅಂತೇವೆ. ಅದಿಲ್ಲದಿದ್ದರೆ ಕಟ್ಟಿದ ಕಾಯಿ ನಿಲ್ಲಲ್ಲ. ಹಾಗಾಗಿ ಬಿದ್ದದ್ದು 40 ಸೆಂಟೋ 90 ಸೆಂಟೋ ಅನ್ನೋದು ನಮಗೆ ದುಡ್ಡಿನ ಪ್ರಶ್ನೆ. ಕಮ್ಮಿ ಆಗಿದ್ದರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕಾ ಅಂತ ಅವತ್ತೇ ತೀರ್ಮಾನ ಮಾಡಬೇಕು. ದೊಡ್ಡ ತೋಟಗಳಲ್ಲಿ ರೈಟರು, ಅಂದರೆ ತೋಟದ ಗುಮಾಸ್ತರು, ದಿನಾ ಬೆಳಿಗ್ಗೆ ಮೊದಲು ಮಳೆ ಬರೆದು ಆಮೇಲೆ ಆಳು ಲೆಕ್ಕ ಬರೆಯುತ್ತಾರೆ.

ಜುಲೈ ಮಳೆಯನ್ನೂ ಇಷ್ಟು ಶ್ರದ್ಧೆಯಿಂದ ಯಾಕೆ ಅಳೆಯುತ್ತೀರಿ ಅಂದರೆ, ನಿಜ ಹೇಳಬೇಕೆಂದರೆ ಅದು ಚಟ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಪುಸ್ತಕ ಇದೆ. ಉದ್ದ ರೂಲು ಎಳೆದ ಹಾಳೆ, ಎಡಕ್ಕೆ ತಾರೀಖು, ಬಲಕ್ಕೆ ಇಂಚು ಸೆಂಟ್. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಸಂಕ ಹೋಯಿತು" (ಹಳ್ಳದ ಕಾಲುಸೇತುವೆ), "ಕರಿ ಹಸು ಕರು ಹಾಕಿತು", "ಪೋಸ್ಟ್ ಬಂದಿಲ್ಲ". ಬೇರೆ ಡೈರಿ ಅವರು ಬರೆದಿಲ್ಲ.

ಬಯಲುಸೀಮೆ ಹುಡುಗರೇ, ನಿಮಗೆ ಹವ್ಯಾಸ ಬೇಕಿತ್ತಲ್ಲ. ಇದನ್ನು ಶುರು ಮಾಡಿ. ಕರೆಂಟ್ ಬೇಡ, ದುಡ್ಡು ಬೇಡ. ಬೇಕಾದ ಮಳೆ ಧಾರಾಳವಾಗಿ ಇದೆ.

ಕಡೂರು ಬಿಸಿಲು:
ಓದುತ್ತಾ ಇದ್ದರೆ ಹೊಟ್ಟೆ ಉರಿಯುತ್ತೆ ಕಣ್ರೀ. ಒಂದೇ ಜಿಲ್ಲೆ. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಿಂದ ನಮ್ಮೂರಿಗೆ ನೂರು ಕಿಲೋಮೀಟರ್ ಕೂಡ ಇಲ್ಲ. ಅಲ್ಲಿ ಒಂದು ದಿನಕ್ಕೆ ಬೀಳೋದು ನಮಗೆ ಒಂದು ತಿಂಗಳಿಗೆ ಬಿದ್ದರೂ ಕೈ ಮುಗಿಯುತ್ತೇವೆ. ಮೋಡ ಮಾತ್ರ ದಿನಾ ಬರುತ್ತೆ, ಮುಖ ತೋರಿಸಿ ಹೋಗುತ್ತೆ. ಮತ್ತೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಅಳೆದು ಬರೆದರೆ ಮಳೆ ಜಾಸ್ತಿ ಆಗುತ್ತಾ? ಇದೆಂಥ ಹವ್ಯಾಸ?

ನಿವೃತ್ತ ಮೇಷ್ಟ್ರು, ಬೇಲೂರು:
ಕಡೂರಿನವರ ಸಂಕಟಕ್ಕೆ ಕಾರಣ ಘಟ್ಟ. ಕಡಲ ಕಡೆಯಿಂದ ಬಂದ ಒದ್ದೆ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಮೇಲೆ ಹೋದ ಹಾಗೆ ತಣ್ಣಗಾಗಿ ತನ್ನಲ್ಲಿದ್ದ ನೀರನ್ನು ಅಲ್ಲೇ ಸುರಿಯುತ್ತದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರ. ಇಂಥ ಸಾಲು ದಾಟಿ ಪೂರ್ವಕ್ಕೆ ಇಳಿಯುವಾಗ ಗಾಳಿ ಬೆಚ್ಚಗಾಗಿ ಒಣಗುತ್ತದೆ. ಮೋಡ ಕಂಡರೂ ಮಳೆ ಇರಲ್ಲ. ಕಡೂರು, ಅರಸೀಕೆರೆ ಎರಡೂ ಆ ನೆರಳಲ್ಲಿ ಕೂತಿವೆ.

ಅಳೆದು ಏನು ಲಾಭ ಅಂದರೆ, ಕ್ರಿಕೆಟ್ ಸ್ಕೋರ್ ಬರೆದರೆ ರನ್ ಜಾಸ್ತಿ ಆಗುತ್ತಾ? ಆದರೂ ಬರೆಯುತ್ತೇವಲ್ಲ. ಹಾಗೆ ನೋಡಿದರೆ ಮಳೆ ಕಮ್ಮಿ ಇರುವ ಊರಿನವರೇ ಸರಿಯಾಗಿ ಅಳೆಯಬೇಕು. ಬಿತ್ತನೆ ಮಾಡಬೇಕೋ ಬೇಡವೋ ಅನ್ನೋದು ನಿಮಗೆ ಹತ್ತು ಹದಿನೈದು ಮಿಲಿಮೀಟರ್ ಮೇಲೆ ನಿಂತಿರುತ್ತದೆ.

ಏಳನೇ ಕ್ಲಾಸ್ ಅಮ್ಮ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದನ್ನು ಮಗಳಿಗೆ ಓದಿ ಹೇಳಿದೆ, ಅವಳು ಒಂದು ಪ್ರಶ್ನೆ ಕೇಳಿದಳು, ನನಗೆ ಉತ್ತರ ಬರಲಿಲ್ಲ. "ಅಗಲ ಬಾಯಿಯ ಪಾತ್ರೆ ಇಟ್ಟರೆ ಜಾಸ್ತಿ ಮಳೆ ಸಿಗುತ್ತೆ, ಸಣ್ಣದು ಇಟ್ಟರೆ ಕಮ್ಮಿ. ಹಾಗಾದರೆ ಎರಡು ಮನೆಯವರ ಲೆಕ್ಕ ಒಂದೇ ಹೇಗೆ ಬರುತ್ತೆ?"

ನಿವೃತ್ತ ಮೇಷ್ಟ್ರು, ಬೇಲೂರು:
ಮಗಳಿಗೆ ಭೇಷ್ ಅನ್ನಿ ತಾಯಿ. ಇದನ್ನು ಹೇಳುವುದಕ್ಕಿಂತ ಮಾಡಿ ತೋರಿಸಿ. ಅಂಗಳದಲ್ಲಿ ಎರಡು ಪಾತ್ರೆ ಇಡಿ. ಒಂದು ದೊಡ್ಡ ಸ್ಟೀಲ್ ಡಬ್ಬ, ಒಂದು ಸಣ್ಣ ಡಬ್ಬ. ಎರಡರದೂ ಗೋಡೆ ನೆಟ್ಟಗಿರಬೇಕು, ಟೀ ಲೋಟದ ಹಾಗೆ ಬಾಯಿ ಅಗಲ ತಳ ಕಿರಿದು ಇರಬಾರದು. ಒಂದು ಜಡಿ ಮಳೆ ನಿಂತ ಮೇಲೆ ಎರಡಕ್ಕೂ ಸ್ಕೇಲ್ ಇಳಿಸಿ ನೀರಿನ ಎತ್ತರ ನೋಡಲಿ. ದೊಡ್ಡದರಲ್ಲಿ ನೀರು ಜಾಸ್ತಿ ಇರುತ್ತದೆ ನಿಜ. ಆದರೆ ಆ ನೀರು ಹರಡಿಕೊಳ್ಳಲು ಜಾಗವೂ ಅಷ್ಟೇ ಜಾಸ್ತಿ. ಎತ್ತರ ಎರಡರಲ್ಲೂ ಒಂದೇ. ಮಳೆ ಅಂತ ಹೇಳುವುದು ಆ ಎತ್ತರವನ್ನು. ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನೆಲದ ಮೇಲೆ ಹಾಗೇ ನಿಂತಿದ್ದರೆ ಎಷ್ಟು ಎತ್ತರ ನಿಲ್ಲುತ್ತಿತ್ತು ಅನ್ನೋ ಲೆಕ್ಕ.

ಇದರಿಂದ ಇನ್ನೊಂದು ಲೆಕ್ಕ ಬಾಯಲ್ಲೇ ಬರುತ್ತದೆ. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್ ನೀರು. ನಿಮ್ಮ ಮನೆ ಚಾವಣಿ 100 ಚದರ ಮೀಟರ್ ಇದ್ದು, ಮೇಲೆ ಹೇಳಿದ 86 ಮಿ.ಮೀ. ಬಿದ್ದರೆ 8,600 ಲೀಟರ್. ಒಂದು ಟ್ಯಾಂಕರ್ ನೀರು, ಒಂದು ರಾತ್ರಿಗೆ.

ಕಡೂರು ಬಿಸಿಲು:
ಟ್ಯಾಂಕರ್ ಸುದ್ದಿ ಮಾತ್ರ ಎತ್ತಬೇಡಿ ಸರ್.

ಬಯಲುಸೀಮೆ ಹುಡುಗ:
ಸರಿ, ಮನಸ್ಸು ಬಂತು. ಮಾಪಕ ಕೊಳ್ಳಬೇಕಾ? ಆನ್‌ಲೈನಿನಲ್ಲಿ ಏನೇನೋ ಇದೆ.

ತೋಟದಮನೆ:
ಈಗಲೇ ಕೊಳ್ಳಬೇಡಿ. ಮನೆಯಲ್ಲಿ ಮಾಡಿ. ಸಾಧಾರಣವಾಗಿ ಶಾಲೆ ಮಕ್ಕಳು ಕೂಲ್‌ಡ್ರಿಂಕ್ ಬಾಟಲಿ ಕತ್ತರಿಸಿ ಮಾಡುತ್ತಾರೆ, ಮೇಲಿನ ತುಂಡನ್ನು ತಲೆಕೆಳಗೆ ಮಾಡಿ ಆಲಿಕೆ ಹಾಗೆ ಕೂರಿಸುತ್ತಾರೆ. ಹಾಸನ ಪೇಟೆಗೆ ಅದು ಸಾಕು. ಮೂಡಿಗೆರೆಯಲ್ಲಿ ಒಂದೇ ರಾತ್ರಿ ತುಂಬಿ ಹೊರಗೆ ಚೆಲ್ಲಿದರೆ ಲೆಕ್ಕ ಎಲ್ಲಿಂದ ತರುತ್ತೀರಿ? ನಮ್ಮ ಕಡೆಗೆ ಐದು ಲೀಟರ್ ಎಣ್ಣೆ ಕ್ಯಾನ್ ಆಗಬೇಕು.

ಹೀಗೆ ಮಾಡಿ. ಪೇಟೆಯಲ್ಲಿ ಪ್ಲಾಸ್ಟಿಕ್ ಆಲಿಕೆ ಸಿಗುತ್ತದೆ. ಬಾಯಿ ಒಳ ಅಳತೆ ಸರಿಯಾಗಿ 16 ಸೆಂ.ಮೀ. ಇರೋದನ್ನು ಆರಿಸಿ, ಸ್ಕೇಲ್ ತೆಗೆದುಕೊಂಡೇ ಹೋಗಿ, ಅಂಗಡಿಯವರು ನಕ್ಕರೆ ನಗಲಿ. 16 ಯಾಕೆ ಅಂದರೆ ಅಷ್ಟು ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಹತ್ತಿರ ಬರುತ್ತದೆ. ಆಗ ಪ್ರತಿ 20 ಮಿಲಿಲೀಟರ್ ನೀರಿಗೆ 1 ಮಿ.ಮೀ. ಮಳೆ. ಆಲಿಕೆಯನ್ನು ಕ್ಯಾನ್ ಬಾಯಿಗೆ ಕೂರಿಸಿ, ಸುತ್ತ ಟೇಪ್ ಹಾಕಿ, ಅಲ್ಲಾಡದ ಹಾಗೆ ಎರಡು ಇಟ್ಟಿಗೆ ಮಧ್ಯೆ ನಿಲ್ಲಿಸಿ. ಬೆಳಿಗ್ಗೆ ಕ್ಯಾನಿನ ನೀರನ್ನು ಅಳತೆ ಜಗ್‌ಗೆ ಬಗ್ಗಿಸಿ. ಉಳಿದ ಚಿಲ್ಲರೆಗೆ ಕೆಮ್ಮಿನ ಔಷಧಿ ಜೊತೆ ಬರುತ್ತಲ್ಲ, 10 ಮಿ.ಲೀ. ಗೆರೆ ಇರೋ ಮುಚ್ಚಳ, ಅದು ಸಾಕು. ಒಟ್ಟು ಮಿ.ಲೀ.ಯನ್ನು 20ರಿಂದ ಭಾಗಿಸಿದರೆ ಮಿ.ಮೀ., ಅದನ್ನು 25.4ರಿಂದ ಭಾಗಿಸಿದರೆ ಇಂಚು.

ಜಾಗ ಮುಖ್ಯ. ಸೂರಿನ ಕೆಳಗೆ ಬೇಡ, ಮರದ ಕೆಳಗೆ ಬೇಡವೇ ಬೇಡ. ಮಳೆ ನಿಂತ ಮೇಲೂ ಮರ ಅರ್ಧ ಗಂಟೆ ತೊಟ್ಟಿಕ್ಕುತ್ತದೆ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಇಡಬೇಕು. ಮಲೆನಾಡಲ್ಲಿ ಅಂಥ ಜಾಗ ಸಿಗೋದು ಕಷ್ಟ, ಕಾಫಿ ಒಣಗಿಸುವ ಕಣ ಸಿಕ್ಕರೆ ನಿಮ್ಮ ಪುಣ್ಯ. ನೆಲದಿಂದ ಒಂದಡಿ ಮೇಲೆ ಬಾಯಿ ಇದ್ದರೆ ಕೆಳಗಿನ ಕೆಸರು ಸಿಡಿಯಲ್ಲ. ಹೊತ್ತು ಬೆಳಿಗ್ಗೆ 8.30. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಓದುತ್ತಾರೆ, ಹಾಗಾಗಿ ನಾಳೆ ಹೋಲಿಸಿ ನೋಡಬಹುದು. ನಿಮ್ಮ ಓನರ್ ಆ ಹೊತ್ತಿಗೇ ಫೋನ್ ಹಿಡಿಯೋದೂ ಅದಕ್ಕೇ.

ಸಕಲೇಶಪುರ ಘಾಟಿ:
ಕ್ಯಾನ್ ತೆಗೆಯಲು ದಿನಾ ಹುಲ್ಲಿನ ಮೇಲೆ ಹೋಗಬೇಕಲ್ಲ, ಇಂಬಳದ (ನೆಲದ ಜಿಗಣೆ) ವಿಷಯ ಯಾರೂ ಹೇಳಲೇ ಇಲ್ಲ. ಹೊಸಬರು ಮೊದಲ ದಿನವೇ ಕಿರುಚಿಕೊಂಡು ಕಿತ್ತು ಎಸೆಯುತ್ತಾರೆ. ಕೀಳಬೇಡಿ. ಉಗುರನ್ನು ಅದರ ಬಾಯಿ ಅಡಿಗೆ ತೂರಿಸಿ ಪಕ್ಕಕ್ಕೆ ಜಾರಿಸಿ. ಬಿಟ್ಟ ಮೇಲೂ ರಕ್ತ ಸುಮಾರು ಹೊತ್ತು ಸೋರುತ್ತದೆ, ಹೆದರಬೇಡಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಂಡು ಹೋಗುತ್ತಾರೆ ತೋಟದವರು. ಮಳೆ ಜೋರಿದ್ದರೆ ಅದೂ ತೊಳೆದು ಹೋಗುತ್ತೆ, ಉದ್ದ ಕಾಲುಚೀಲವೇ ವಾಸಿ.

ಕ್ಯಾರಂ ಮಾವ, ಚಿಕ್ಕಮಗಳೂರು:
ಮಳೆ ಅಳೆಯೋಕೆ ದಿನಕ್ಕೆ ಐದು ನಿಮಿಷ. ಉಳಿದ ಹೊತ್ತು? ಮಳೆಗಾಲ ಅಂದರೆ ಕ್ಯಾರಂ ಕಣಪ್ಪ. ಒಂದು ಬೋರ್ಡ್, ನಾಲ್ಕು ಜನ, ಒಂದು ಕೆಟಲ್ ಕಾಫಿ.

ಇಲ್ಲಿ ಕಷ್ಟ ಏನೆಂದರೆ ಥಂಡಿಗೆ ಬೋರ್ಡ್ ಜಡ ಆಗುತ್ತೆ. ಸ್ಟ್ರೈಕರ್ ಅರ್ಧಕ್ಕೆ ನಿಲ್ಲುತ್ತೆ. ಜನ ಇನ್ನಷ್ಟು ಪೌಡರ್ ಸುರಿಯುತ್ತಾರೆ, ಅದು ತೇವ ಹೀರಿ ಅಂಟಾಗಿ ಇನ್ನೂ ಕೆಡುತ್ತೆ. ಮೊದಲು ಒಣ ಹತ್ತಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಬೋರ್ಡ್ ಮೇಲೆ ಹಳೇ ಕಾಲದ ಬಲ್ಬ್ ಇಳಿಬಿಡಿ, ಎಲ್‌ಇಡಿ ಅಲ್ಲ, ಬಿಸಿ ಆಗುವಂಥದ್ದು. ಕ್ಲಬ್ಬುಗಳಲ್ಲಿ ಬಲ್ಬ್ ಅಷ್ಟು ಕೆಳಗೆ ನೇತು ಹಾಕುತ್ತಿದ್ದದ್ದು ಬೆಳಕಿಗೆ ಮಾತ್ರ ಅಲ್ಲ, ಬೋರ್ಡ್ ಬೆಚ್ಚಗಿರಲಿ ಅಂತಲೂ. ಆಮೇಲೆ ಎರಡು ಚಿಟಿಕೆ ಪೌಡರ್ ಸಾಕು. ಬಚ್ಚಲೊಲೆ ಪಕ್ಕ ಮಾತ್ರ ಇಡಬೇಡಿ, ಪ್ಲೈವುಡ್ ಪದರ ಬಿಟ್ಟುಕೊಳ್ಳುತ್ತದೆ.

ಸ್ಟ್ರೈಕರ್ 15 ಗ್ರಾಂ ದಾಟಬಾರದು, ಇದು ನಿಯಮ. ಕೆಲವರು ಭಾರದ್ದು ತಂದು ಪಾನ್‌ಗಳನ್ನು ಗೋಡೆಗೆ ಹಾರಿಸುತ್ತಾರೆ, ಅದು ಕ್ಯಾರಂ ಅಲ್ಲ, ಕಲ್ಲು ಕ್ವಾರಿ.

ಕೊಪ್ಪದ ಅಕ್ಕ:
ಬೋರಿಕ್ ಪೌಡರ್ ತಂದರೆ ಸ್ವಲ್ಪ ನನಗೂ ಇಡಿ ಮಾವ. ಸಕ್ಕರೆ, ಹಿಟ್ಟಿನ ಜೊತೆ ಕಲಸಿ ಮೂಲೆಗೆ ಇಟ್ಟರೆ ಜಿರಳೆ ಸಾಯುತ್ತೆ. ಮಕ್ಕಳು ಕ್ಯಾರಂ ಆಡಿದ ಕೈಯಲ್ಲೇ ಚಕ್ಕುಲಿ ತಿನ್ನೋಕೆ ಬಂದರೆ ಮೊದಲು ಕೈ ತೊಳೆಸಿ, ಅದು ಹೊಟ್ಟೆಗೆ ಹೋಗಬಾರದು.

ಸಿಳ್ಳೆ ಕಿವಿ:
ಹಕ್ಕಿ ನೋಡೋದು ಮಳೆಗಾಲದ ಹವ್ಯಾಸ ಅಲ್ಲ ಅಂತಾರೆ. ನೋಡೋದು ಕಷ್ಟ, ಕೇಳೋದು ಸುಲಭ. ಬೆಳಗಿನ ಜಾವ ಕತ್ತಲಲ್ಲಿ ಯಾರೋ ಪಡ್ಡೆ ಹುಡುಗ ರಾಗ ಇಲ್ಲದೆ ಸಿಳ್ಳೆ ಹಾಕುತ್ತಾ ಹೋದ ಹಾಗೆ ಕೇಳಿಸಿದರೆ ಅದು ಸಿಳ್ಳಾರ. ಹಳ್ಳದ ಪಕ್ಕ ಇರುತ್ತದೆ, ಮಳೆಗಾಲದಲ್ಲೇ ಮರಿ ಮಾಡುತ್ತದೆ, ಅದಕ್ಕೇ ಈಗ ಹಾಡು ಜಾಸ್ತಿ. ದೂರಕ್ಕೆ ಕರಿ ಹಕ್ಕಿ, ಬೆಳಕು ಬಿದ್ದರೆ ಭುಜದ ಮೇಲೆ ನೀಲಿ ಹೊಳೆಯುತ್ತದೆ.

ಮಳೆ ನಕ್ಷತ್ರ:
ತೋಟದಮನೆಯವರೇ, ನಿಮ್ಮ ಅಜ್ಜನ ಪುಸ್ತಕದಲ್ಲಿ ಮಳೆ ಹೆಸರು ಬರೆದಿಲ್ಲವಾ? ನಮ್ಮ ಮನೆಯಲ್ಲಿ ಇಂಚಿಗಿಂತ ಹೆಸರೇ ಮುಖ್ಯ. ಜೂನ್ ಮೂರನೇ ವಾರಕ್ಕೆ ಆರಿದ್ರ, ಜುಲೈ ಮೊದಲಿಗೆ ದೊಡ್ಡ ಪುಷ್ಯ, ಆಮೇಲೆ ಚಿಕ್ಕ ಪುಷ್ಯ, ಆಗಸ್ಟ್ ಶುರುವಿಗೆ ಆಶ್ಲೇಷ, ಅದಾದ ಮೇಲೆ ಮಖೆ. "ಆಶ್ಲೇಷ ಮಳೆ ಈಸಲಾರದ ಹೊಳೆ" ಅಂತ ಗಾದೆಯೇ ಇದೆ.

ಕಳಸ ಕಡೆಯವ:
ನಕ್ಷತ್ರ ನೋಡಿ ಮಳೆ ಬರುತ್ತಾ? ಮೂಢನಂಬಿಕೆ ಮಾರಾಯ್ರೆ.

ನಿವೃತ್ತ ಮೇಷ್ಟ್ರು, ಬೇಲೂರು:
ಜಗಳ ಬೇಡ. ನಕ್ಷತ್ರ ಮಳೆ ತರಲ್ಲ, ಅದು ಕ್ಯಾಲೆಂಡರ್ ಅಷ್ಟೇ. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರ ದಾಟುತ್ತಾನೆ. 365ನ್ನು 27ರಿಂದ ಭಾಗಿಸಿ, ಒಂದೊಂದಕ್ಕೆ ಹದಿಮೂರೂವರೆ ದಿನ. ಸೂರ್ಯನ ಲೆಕ್ಕ ಆದ್ದರಿಂದಲೇ ಹಬ್ಬಗಳ ಹಾಗೆ ಈ ತಾರೀಖು ಹಿಂದೆ ಮುಂದೆ ಓಡಲ್ಲ, ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ದಿನ. ಗಡಿಯಾರ, ಪೇಪರ್ ಇಲ್ಲದ ರೈತನಿಗೆ ಹದಿನೈದು ದಿನಕ್ಕೊಂದು ಹೆಸರು ಇದ್ದರೆ ನೆನಪಿಡೋದು ಸುಲಭ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆಯಲ್ಲ, ಅದು ಆಶ್ಲೇಷ ಮಳೆ. ಗಾದೆ ಕಟ್ಟಿದವರು ಇಂಥದ್ದನ್ನು ಕಂಡೇ ಕಟ್ಟಿರುತ್ತಾರೆ.

ತೋಟದಮನೆ:
ಅಜ್ಜ ಎರಡೂ ಬರೆದಿದ್ದಾರೆ. ಮಖೆ ಶುರುವಾದ ದಿನ "ಮಖೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ. ಪಕ್ಕದಲ್ಲೇ ಆ ದಿನದ ಮಳೆ, 12 ಸೆಂಟ್.

ಬಯಲುಸೀಮೆ ಹುಡುಗ:
ಆಲಿಕೆ ಸಿಕ್ಕಿತು. ಓನರ್ ಕಣದಲ್ಲಿ ಜಾಗ ಕೊಟ್ಟರು, ಜೊತೆಗೆ ನಿಂತು ಇಟ್ಟಿಗೆ ತಾವೇ ಜೋಡಿಸಿದರು. ಇವತ್ತು ಬೆಳಿಗ್ಗೆ 1,090 ಮಿ.ಲೀ. ಅಂದರೆ 54.5 ಮಿ.ಮೀ., 2 ಇಂಚು 15 ಸೆಂಟ್. ಅವರ ಮಾಪಕದಲ್ಲಿ 2 ಇಂಚು 22. ಗ್ರಾಮ ಪಂಚಾಯಿತಿ ಹತ್ತಿರ ಕಂಬದ ಮೇಲೆ ಇನ್ನೊಂದು ಪೆಟ್ಟಿಗೆ ಇದೆ, ಅದರ ಲೆಕ್ಕ ಬೇರೆಯೇ ಇದೆಯಂತೆ. ಯಾರದ್ದು ಸರಿ?

ತೋಟದಮನೆ:
ಮೂರೂ ಸರಿ ಇರಬಹುದು. ಪಂಚಾಯಿತಿದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು, ತಾನೇ ಅಳೆದು ತಾನೇ ಸುದ್ದಿ ಕಳಿಸುತ್ತದೆ. ನಮ್ಮ ಕಡೆ ಮಳೆ ಗುಡ್ಡದ ಈ ಮಗ್ಗುಲಿಗೆ ಒಂದು, ಆ ಮಗ್ಗುಲಿಗೆ ಒಂದು. ಗಾಳಿ ಜೋರಿದ್ದರೆ ಹನಿ ಓರೆಯಾಗಿ ಬಂದು ಬಾಯಿ ತಪ್ಪಿಸಿಕೊಳ್ಳುತ್ತದೆ. ಆಲಿಕೆ ಸ್ವಲ್ಪ ವಾಲಿದ್ದರೂ ಕಮ್ಮಿ ಬರುತ್ತದೆ, ಮಟ್ಟ ನೋಡಿಕೊಳ್ಳಿ. ಓನರ್‌ಗೂ ನಿಮಗೂ 7 ಸೆಂಟ್ ವ್ಯತ್ಯಾಸ ಏನೂ ಅಲ್ಲ. ಆದರೆ ಅವರು ನಾಳೆ ಅದನ್ನೇ ಇಟ್ಟುಕೊಂಡು ನಿಮ್ಮನ್ನು ಕಾಡುತ್ತಾರೆ, ತಯಾರಾಗಿರಿ.

ಕಡೂರು ಬಿಸಿಲು:
ನಾನೂ ಒಂದು ಕ್ಯಾನ್ ಇಟ್ಟೆ. ನಗಬೇಡಿ. ರಾತ್ರಿ ಒಂದು ಸಣ್ಣ ಸೋನೆ ಬಿತ್ತು. ಕೆಮ್ಮಿನ ಔಷಧಿ ಮುಚ್ಚಳದಲ್ಲಿ ಎರಡು ಸಲ ತುಂಬಿತು, 20 ಮಿ.ಲೀ. ಲೆಕ್ಕ ಹಾಕಿದರೆ 1 ಮಿ.ಮೀ., ಅಂದರೆ 4 ಸೆಂಟ್. ಬರೆದುಕೊಳ್ಳಿ. ಒಂದು ಪ್ರಶ್ನೆ ಇದೆ: ಆಲಿಕೆ ಗೋಡೆಗೆ ಅಂಟಿಕೊಂಡ ಹನಿಗಳನ್ನು ಬೆರಳಲ್ಲಿ ಸವರಿ ಒಳಗೆ ಹಾಕಬಹುದಾ, ಅದು ಮೋಸ ಆಗುತ್ತಾ?

ತೋಟದಮನೆ:
ಮೋಸ ಅಲ್ಲ, ಮಳೆ ನಿಂತ ತಕ್ಷಣ ಹೋಗಿ ಮೆಲ್ಲಗೆ ತಟ್ಟಿ ಇಳಿಸಿ. ಬಿಸಿಲು ಬಂದರೆ ಅದೂ ಆರಿ ಹೋಗುತ್ತೆ. ನಿಮ್ಮಲ್ಲಿ ಬೇಗ ಬರುತ್ತಲ್ಲ.